ಪೌಂಡು, ಎ, ಡಿಗ್ರಿ: ನಲಿಕಲಿ ಹುಡುಕಿದ ಕಥೆ

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ. ಊಟದ ಡಬ್ಬಿಗೆ ಇನ್ನೂ ಮುಚ್ಚಳ ಹಾಕಿರಲಿಲ್ಲ, ಎಂ.ಎಡ್. ಹುಡುಗಿಯೊಬ್ಬಳು ಕೌಂಟರಿನ ಮುಂದೆ ಬಂದು ನಿಂತಳು.

"ಮೇಡಂ, ನಲಿಕಲಿ ಮೇಲೆ ಕನ್ನಡದಲ್ಲಿ ಯಾರೂ ಸಂಶೋಧನೆ ಮಾಡೇ ಇಲ್ಲ. ಶೋಧಗಂಗಾದಲ್ಲಿ ಹುಡುಕಿದೆ, ಸೊನ್ನೆ ಬಂತು. ನಂದೇ ಮೊದಲನೇದು ಅಂತ ಬರ್ಕೊಳ್ಲಾ?"

ಅವಳ ಮುಖದಲ್ಲಿ ಖುಷಿ ಇತ್ತು. ಯಾರೂ ಮಾಡಿಲ್ಲ ಅಂದರೆ ಪೂರ್ವಾಧ್ಯಯನಗಳ ಅಧ್ಯಾಯ ಎರಡು ಪುಟದಲ್ಲಿ ಮುಗಿಯುತ್ತದಲ್ಲ. ನನಗೆ ಮಾತ್ರ ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಯಿತು. ಅವಳು ನಿಂತ ಜಾಗದಿಂದ ಹತ್ತು ಹೆಜ್ಜೆ ದೂರದ ಕಬ್ಬಿಣದ ಬೀರುವಿನಲ್ಲಿ, ಮರೂನ್ ರೆಕ್ಸಿನ್ ಹೊದಿಕೆಯ ಮೇಲೆ ಬಂಗಾರದ ಅಕ್ಷರ ಹೊತ್ತ ಲಘು ಪ್ರಬಂಧಗಳ ಸಾಲಿನಲ್ಲಿ, ಕಡಿಮೆಯೆಂದರೂ ನಾಲ್ಕು ಪ್ರಾಥಮಿಕ ಶಾಲೆಯ ಈ ನಲಿಕಲಿ ಪದ್ಧತಿಯ ಮೇಲಿನವೇ. ಅವಕ್ಕೆ ಸಂಖ್ಯೆ ಬರೆದವಳೂ, ಬೆನ್ನಿಗೆ ಚೀಟಿ ಅಂಟಿಸಿದವಳೂ ನಾನೇ.

ನಾನು ಇರೋದು ಮಧ್ಯ ಕರ್ನಾಟಕದ ಒಂದು ಅನುದಾನಿತ ಶಿಕ್ಷಣ ಕಾಲೇಜಿನಲ್ಲಿ. ಗ್ರಂಥಪಾಲಕಿ. ಇಪ್ಪತ್ತಮೂರು ವರ್ಷವಾಯಿತು. ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಡುವ ಡ್ಯೂಯಿ ವರ್ಗೀಕರಣದಲ್ಲಿ ಶಿಕ್ಷಣಕ್ಕೆ 370, ಹಾಗಾಗಿ ನಮ್ಮ ಅರ್ಧ ಗ್ರಂಥಾಲಯವೇ 370. ಅದರಲ್ಲೂ 370.15, ಶೈಕ್ಷಣಿಕ ಮನೋವಿಜ್ಞಾನದ ಕಪಾಟು. ಅಲ್ಲಿಯ ಪುಸ್ತಕಗಳು ಹರಿದು, ಹೊಲಿಸಿಕೊಂಡು, ಮತ್ತೆ ಹರಿದು ನಿಂತಿವೆ. ಪರೀಕ್ಷೆಗೆ ಬರುವುದು ಅದೇ ತಾನೆ. 370.7ರ ಕಪಾಟು, ಅಂದರೆ ಶಿಕ್ಷಣದ ಸಂಶೋಧನೆ, ನವವಧುವಿನ ಹಾಗೆ ಇದೆ. ಯಾರೂ ಮುಟ್ಟಿಲ್ಲ.

ಈ ಹುಡುಗಿ ಹೊಳಲ್ಕೆರೆ ಕಡೆಯವಳು. ಅವಳು ಎರಡನೇ ತರಗತಿಯಲ್ಲಿದ್ದಾಗಲೇ ಅವರ ಶಾಲೆಗೆ ನಲಿಕಲಿ ಬಂದಿದ್ದು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ಪದ್ಧತಿ ಅದು. 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು. ಕಾರ್ಡುಗಳು, ಗೋಡೆಯ ಮೇಲೆ ಕಲಿಕಾ ಏಣಿ, ತಲೆಯ ಮೇಲೆ ದಾರ ಕಟ್ಟಿದ ಚಪ್ಪರ, ನೆಲದ ಮೇಲೆ ಗುಂಪುಗುಂಪಾಗಿ, ಅಲ್ಲಿಯ ಮಾತಲ್ಲಿ "ತಟ್ಟೆ"ಗಳಾಗಿ, ಕೂತ ಮಕ್ಕಳು. "ನಾನು ಯಾವಾಗ್ಲೂ ಒಂದೇ ತಟ್ಟೇಲಿ ಸಿಕ್ಕಾಕೊಂಡಿರ್ತಿದ್ದೆ ಮೇಡಂ" ಅಂತ ನಕ್ಕಳು. ಅದರ ಕುರಿತು ಬರೆಯೋಕೆ ಅವಳಿಗಿಂತ ಯೋಗ್ಯರು ಯಾರಿದ್ದಾರೆ? ಆದರೆ ಮೊದಲಿಗಳು ಅಂತ ಬರೆಯೋ ಹಾಗಿಲ್ಲ.

"ಕೂತ್ಕೋ, ಇಬ್ರೂ ಹುಡುಕೋಣ" ಅಂದೆ.

ಶೋಧಗಂಗಾ ಗೊತ್ತಿಲ್ಲದವರಿಗೆ ಒಂದು ಮಾತು. ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳನ್ನು ಯಾರು ಬೇಕಾದರೂ ಬಿಟ್ಟಿಯಾಗಿ ಓದಬಹುದಾದ ಜಾಗ ಅದು. ಗುಜರಾತಿನ ಗಾಂಧಿನಗರದ ಕೇಂದ್ರ ಇನ್‌ಫ್ಲಿಬ್‌ನೆಟ್ ನಡೆಸುತ್ತದೆ. ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ, 2009ರ ನಿಯಮದಿಂದ ಪ್ರಬಂಧದ ಡಿಜಿಟಲ್ ಪ್ರತಿ ಒಪ್ಪಿಸುವುದು ಕಡ್ಡಾಯವಾಯಿತು, ಈಗ ಅಲ್ಲಿ 5 ಲಕ್ಷಕ್ಕೂ ಹೆಚ್ಚು ಇವೆ. ನಾನು ಕೆಲಸಕ್ಕೆ ಸೇರಿದಾಗ ಒಂದು ಪ್ರಬಂಧ ನೋಡಬೇಕೆಂದರೆ ಧಾರವಾಡಕ್ಕೋ ಮೈಸೂರಿಗೋ ರಾತ್ರಿ ಬಸ್ಸು ಹತ್ತಬೇಕಿತ್ತು. ಅಲ್ಲಿ ಹೋದರೆ ಬೀರುವಿನ ಬೀಗದ ಕೈ ಇರುವವರು ರಜೆ. ಆ ಕಾಲಕ್ಕೆ ಹೋಲಿಸಿದರೆ ಇದು ಸ್ವರ್ಗ. ಬೈಯೋಕೆ ನನಗೆ ಮನಸ್ಸಿಲ್ಲ.

ಕನ್ನಡದಲ್ಲಿ "ನಲಿಕಲಿ" ಟೈಪ್ ಮಾಡಿದೆವು. ಸೊನ್ನೆ. ಮಧ್ಯೆ ಜಾಗ ಬಿಟ್ಟು ಮಾಡಿದೆವು. ಆಗಲೂ ಸೊನ್ನೆ. ಆಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಕೂಡಿಸಿ, ಬಿಡಿಸಿ, ನಡುವೆ ಅಡ್ಡಗೆರೆ ಹಾಕಿ ನೋಡಿದೆವು. ಒಂದೊಂದು ಕಾಗುಣಿತಕ್ಕೆ ಒಂದೊಂದು ಪಟ್ಟಿ ಬಂತು, ಒಂದರಲ್ಲಿ ಇದ್ದದ್ದು ಇನ್ನೊಂದರಲ್ಲಿ ಇಲ್ಲ. ಶೀರ್ಷಿಕೆ ಇಂಗ್ಲಿಷಿನಲ್ಲಿ, ಒಳಗೆ ಪೂರ್ತಿ ಕನ್ನಡ, ಅಂಥದ್ದೂ ಒಂದು ಸಿಕ್ಕಿತು. ಅಧ್ಯಾಯಕ್ಕೊಂದರಂತೆ ಪಿಡಿಎಫ್ ಕಡತಗಳು. ಮೂರನೆಯದನ್ನು ತೆರೆದೆವು. ಪರದೆಯ ಮೇಲೆ ದುಂಡು ದುಂಡಾದ ಕನ್ನಡ. ಎರಡನೇ ಸಾಲಿನಲ್ಲೇ "ನಲಿಕಲಿ" ಅಂತ ಕಣ್ಣಿಗೆ ರಾಚುತ್ತಿದೆ. ಹುಡುಕುವ ಚೌಕದಲ್ಲಿ ಅದೇ ಪದ ಹಾಕಿದರೆ, "ಯಾವುದೂ ಸಿಗಲಿಲ್ಲ".

"ಮೇಡಂ, ಇದಕ್ಕೆ ಕಣ್ಣಿಲ್ವಾ?" ಅಂದಳು.

ಕಣ್ಣಿದೆ, ಕನ್ನಡ ಬರಲ್ಲ ಅಷ್ಟೆ. ಆ ಪದವನ್ನು ಮೌಸಿನಲ್ಲಿ ಎಳೆದು, ನಕಲಿಸಿ, ನೋಟ್‌ಪ್ಯಾಡಿನಲ್ಲಿ ಅಂಟಿಸಿ ತೋರಿಸಿದೆ. ಬಂದದ್ದು ಇದು: ಪೌಂಡಿನ ಚಿಹ್ನೆ, ತಲೆಯ ಮೇಲೆ ಓರೆ ಗೆರೆ ಹೊತ್ತ ಎ, ಡಿಗ್ರಿಯ ಪುಟ್ಟ ಸೊನ್ನೆ, ಪಿ, ಮತ್ತೆ ಅದೇ ಎ, ಮತ್ತೆ ಡಿಗ್ರಿ. ಹುಡುಗಿ ಬಾಯಿ ಬಿಟ್ಟುಕೊಂಡು ನೋಡಿದಳು.

ಇದು ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಅಕ್ಷರಶೈಲಿಯ ಕೆಲಸ. ಆಗಿನ ಕಂಪ್ಯೂಟರಿನಲ್ಲಿ ಕನ್ನಡಕ್ಕೆ ಅಂತ ಬೇರೆ ಮನೆಗಳಿರಲಿಲ್ಲ, ಇದ್ದ 256 ಮನೆಗಳೂ ರೋಮನ್ ಅಕ್ಷರದ ಬಳಗಕ್ಕೇ ಸೇರಿದ್ದವು. ಆ ಮನೆಗಳಲ್ಲೇ ನಮ್ಮವರು ಕನ್ನಡದ ಚಿತ್ರ ತೂಗುಹಾಕಿದರು. ಪೌಂಡು ಮತ್ತು ಗೆರೆ ಹೊತ್ತ ಎ ಸೇರಿದರೆ "ನ", ಡಿಗ್ರಿ ಇದ್ದಲ್ಲಿ "ಲಿ". ನೋಡುವವನಿಗೆ, ಮುದ್ರಿಸುವವನಿಗೆ ಅಪ್ಪಟ ಕನ್ನಡ. ಯಂತ್ರದ ಲೆಕ್ಕದಲ್ಲಿ ಮಾತ್ರ ಅದು ಇವತ್ತಿಗೂ ಪೌಂಡು, ಎ, ಡಿಗ್ರಿ. ಲೋಕದ ಲಿಪಿಗಳಿಗೆಲ್ಲ ಜಾಗ ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಮನೆಗಳು ಸಿಕ್ಕಿ ಎಷ್ಟೋ ಕಾಲವಾಗಿದೆ, ನುಡಿಯೂ ಈಗ ಯೂನಿಕೋಡ್ ಬರೆಯುತ್ತದೆ. ಆದರೆ ಡಿಟಿಪಿ ಅಂಗಡಿಗಳಲ್ಲಿ ಪುಟ ಜೋಡಿಸುವ ಹಳೆಯ ತಂತ್ರಾಂಶ ಪೇಜ್‌ಮೇಕರ್ ಇನ್ನೂ ಉಸಿರಾಡುತ್ತಿದೆ, ಅದಕ್ಕೆ ಯೂನಿಕೋಡ್ ಕನ್ನಡ ಹಿಡಿಸುವುದಿಲ್ಲ. ಅಂಗಡಿಯವರ ಬೆರಳಿಗೆ ರೂಢಿಯಾದದ್ದು, ಮಾರ್ಗದರ್ಶಕರ ಕಣ್ಣಿಗೆ ಒಗ್ಗಿದ್ದು ಹಳೆಯ ಅಕ್ಷರವೇ. ಮುದ್ರಿಸಿ ರೆಕ್ಸಿನ್ ಹಾಕಿಸಿದರೆ ಮುಗಿಯಿತಲ್ಲ, ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

ಸರಿ, ಕಳ್ಳನ ಭಾಷೆಯಲ್ಲೇ ಕಳ್ಳನನ್ನು ಕರೆಯೋಣ ಅಂತ ಆ ಪೌಂಡು-ಎ-ಡಿಗ್ರಿಯನ್ನೇ ಎತ್ತಿ ಹುಡುಕುವ ಚೌಕಕ್ಕೆ ಹಾಕಿದೆ. ಟಪಟಪನೆ ನಲವತ್ತೊಂದು ಕಡೆ ಹಳದಿ ಬಣ್ಣ ಬಂತು. ಹುಡುಗಿ ಚಪ್ಪಾಳೆ ತಟ್ಟಿದಳು. ಪತ್ರಿಕೆ ಓದುತ್ತಿದ್ದ ನಿವೃತ್ತ ಮೇಷ್ಟ್ರು ಕನ್ನಡಕದ ಮೇಲಿಂದ ಗುರಾಯಿಸಿದರು.

ಈ ಉಪಾಯವನ್ನು ಈಗ ಕೌಂಟರಿನ ಪಕ್ಕ ಒಂದು ಹಾಳೆಯಲ್ಲಿ ಬರೆದು ಅಂಟಿಸಿದ್ದೇನೆ. ಸ್ಕ್ಯಾನ್ ಮಾಡಿ ಬರೀ ಚಿತ್ರವಾಗಿರುವ ಪ್ರಬಂಧಗಳಿಗೆ ಇದೂ ನಡೆಯದು. ಅಲ್ಲಿ ಪುಟ ಪುಟ ಮಗುಚಬೇಕು, ನಮ್ಮ ತಾತಂದಿರ ಹಾಗೆ.

ಇನ್ನು ನಮ್ಮದೇ ಬೀರು. ಲಘು ಪ್ರಬಂಧಗಳ ಹಿಂದಿನ ರಟ್ಟಿಗೆ ಒಂದು ಕಾಗದದ ಜೇಬು, ಅದರಲ್ಲಿ ಒಂದು ಸಿ.ಡಿ. ಹಿಂದೊಮ್ಮೆ ಯಾರೋ ಪುಣ್ಯಾತ್ಮರು ಕಡ್ಡಾಯ ಮಾಡಿದ್ದರು. ಹತ್ತಾರು ವರ್ಷ ಆ ಸಿ.ಡಿ.ಗಳನ್ನು ಯಾರೂ ಹೊರಗೆ ತೆಗೆದಿಲ್ಲ. ಗ್ರಂಥಾಲಯದ ಹೊಸ ಕಂಪ್ಯೂಟರುಗಳಿಗೆ ಸಿ.ಡಿ. ಹಾಕುವ ಬಾಯೇ ಇಲ್ಲ. ನಾನೇ ದುಡ್ಡು ಕೊಟ್ಟು ಹೊರಗಿನಿಂದ ಸಿಕ್ಕಿಸುವ ಡ್ರೈವ್ ಒಂದನ್ನು ತಂದೆ. ಕೆಲವು ಸಿ.ಡಿ. ಖಾಲಿ! ಶಾಸ್ತ್ರಕ್ಕೆ ಒಂದು ತಟ್ಟೆ ಇಟ್ಟು ಪದವಿ ತಗೊಂಡು ಹೋಗಿದ್ದಾರೆ. ಕೆಲವು ಬೂಷ್ಟು ಹಿಡಿದು ಓದಿಸಿಕೊಳ್ಳಲಿಲ್ಲ. ಒಂದರಲ್ಲಿ ಪ್ರಬಂಧದ ಬದಲು ಮದುವೆಯ ಫೋಟೋಗಳು. ಆ ಮದುವೆ ಚೆನ್ನಾಗಿತ್ತು, ಹೋಳಿಗೆ ಊಟ.

ಉಳಿದವು ತೆರೆದವು, ಪೌಂಡು-ಎ-ಡಿಗ್ರಿಯಾಗಿ. ಪರಿವರ್ತಕ ತಂತ್ರಾಂಶಗಳು ಬಿಟ್ಟಿಯಾಗಿಯೇ ಸಿಗುತ್ತವೆ, ಹಾಕಿದರೆ ಕ್ಷಣದಲ್ಲಿ ಯೂನಿಕೋಡ್ ಆಗುತ್ತದೆ. ಆದರೆ ಅವುಗಳಿಗೆ ಯಾವುದು ವೇಷ ಹಾಕಿದ ಕನ್ನಡ, ಯಾವುದು ನಿಜವಾದ ಇಂಗ್ಲಿಷ್ ಅಂತ ತಿಳಿಯದು. ಮಧ್ಯೆ ಇಂಗ್ಲಿಷ್ ಅಕ್ಷರದಲ್ಲೇ ಬರೆದಿದ್ದನ್ನೂ ಹಿಡಿದು ಕನ್ನಡ ಮಾಡುತ್ತವೆ. ಶಿಕ್ಷಕರ ಶಿಕ್ಷಣಕ್ಕೆ ಮಾನ್ಯತೆ ಕೊಡುವ ರಾಷ್ಟ್ರೀಯ ಪರಿಷತ್ತು, ನಮ್ಮಂಥ ಕಾಲೇಜುಗಳ ಜುಟ್ಟು ಹಿಡಿದಿರುವ ಎನ್‌ಸಿಟಿಇ, ಪರಿವರ್ತಕದ ಹೊಟ್ಟೆಯಿಂದ ಹೊರಬಂದಾಗ "ಓಅಖಿಇ" ಆಗಿತ್ತು. ಕುರಿ ಕಾಯುವವರು ಗುಡ್ಡದ ಆಚೆಗೆ ಕೂಗು ಹಾಕಿದ ಹಾಗೆ. ನಾನೂ ಅಟೆಂಡರ್ ಅಣ್ಣನೂ ಒಂದು ವಾರ ಅದನ್ನೇ ಹೇಳಿಕೊಂಡು ನಕ್ಕಿದ್ದೇವೆ. ಈಗ ಅವನು ಕಚೇರಿಯಿಂದ ಸುತ್ತೋಲೆ ತಂದರೆ "ಮೇಡಂ, ಓಅಖಿಇ ಬಂತು" ಅಂತಲೇ ಕೊಡುವುದು.

ನಗುವ ವಿಷಯವಲ್ಲದ್ದೂ ಒಂದಿದೆ. ಕೃತಿಚೌರ್ಯದ ಬಗ್ಗೆ 2018ರಲ್ಲಿ ಯುಜಿಸಿ ನಿಯಮ ಮಾಡಿತು, ಶೇ. 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ, ಅದಕ್ಕೂ ಮೇಲೆ ಹೋದ ಹಾಗೆ ಶಿಕ್ಷೆ ಏರುತ್ತದೆ. ನನಗೆ ಗೊತ್ತಿದ್ದ ಒಬ್ಬರ ಕನ್ನಡ ಪ್ರಬಂಧವನ್ನು ಹೋಲಿಕೆ ಹುಡುಕುವ ಯಂತ್ರಕ್ಕೆ ಹಾಕಿಸಿದಾಗ ಬಂದ ಫಲಿತಾಂಶ ಶೇ. 0. ಸ್ವೀಟು ಹಂಚಿದರು. ಉದ್ಧರಣೆ ಇರುವ ಯಾವ ಪ್ರಬಂಧಕ್ಕೂ ಸೊನ್ನೆ ಬರುವುದು ಕಷ್ಟ. ಯಂತ್ರ ಅದರಲ್ಲಿ ಒಂದಕ್ಷರವನ್ನೂ ಓದಿರಲಿಲ್ಲ. ಪೇಡ ಬಾಯಲ್ಲಿತ್ತು, ಏನೂ ಹೇಳಲಿಲ್ಲ.

ಕಾಲೇಜುಗಳಲ್ಲಿ ಡಿಜಿಟಲ್ ಅಂದರೆ ಎಲ್ಲರ ಗಮನ ಒಂದೇ ಕಡೆ: ಎಷ್ಟು ಕೊಂಡಿದ್ದೀರಿ? ವರ್ಷಕ್ಕೆ ಒಂದಿಷ್ಟು ಸಾವಿರ ಕಟ್ಟಿ ಎನ್-ಲಿಸ್ಟ್ ಅನ್ನುವ ಆನ್‌ಲೈನ್ ಚಂದಾ ಪಡೆದೆವು. ಆರು ಸಾವಿರಕ್ಕೂ ಹೆಚ್ಚು ಸಂಶೋಧನಾ ಪತ್ರಿಕೆ, ಎರಡು ಲಕ್ಷದ ಆಸುಪಾಸು ಇ-ಪುಸ್ತಕ ಅಂತ ನೋಟಿಸ್ ಬೋರ್ಡಿನಲ್ಲಿ ಬರೆದೆವು. ವಿದ್ಯಾರ್ಥಿಗಳ ಹೆಸರಲ್ಲಿ ಲಾಗಿನ್ ಮಾಡಿಸಿದೆವು, ಅವರು ಗುಪ್ತಪದ ಮರೆತರು. ಕೇಂದ್ರದ ಒಂದು ದೇಶ ಒಂದು ಚಂದಾ ಯೋಜನೆ ಬಂತು. 6,000 ಕೋಟಿ ರೂಪಾಯಿ, ಮೂರು ವರ್ಷ, 30 ಪ್ರಕಾಶಕರು, ಹದಿಮೂರು ಸಾವಿರದಷ್ಟು ಪತ್ರಿಕೆಗಳು. 2025ರ ಜನವರಿಯಿಂದ ಸರ್ಕಾರಿ ಆಡಳಿತದ ಸಂಸ್ಥೆಗಳಿಗೆ ಬಾಗಿಲು ತೆರೆಯಿತು. ಟಿ.ವಿ. ನೋಡಿ ನಮ್ಮ ಹುಡುಗರೂ ಓಡಿ ಬಂದರು. ಟ್ರಸ್ಟಿನ ಕಾಲೇಜು ನಮ್ಮದು, ಆ ಪಂಕ್ತಿಯಲ್ಲಿ ಎಲೆ ಹಾಕಿರಲಿಲ್ಲ ಅಂತ ತಿಳಿಸಿ ಹೇಳುವಷ್ಟರಲ್ಲಿ ಸಾಕಾಯಿತು. ದೊಡ್ಡ ಕೆಲಸವೇ, ಹೌದು. ಆದರೆ ಆ ಹದಿಮೂರು ಸಾವಿರದಲ್ಲಿ ಹೊಳಲ್ಕೆರೆಯ ಕಲಿಕಾ ಚಪ್ಪರ ಎಲ್ಲಿ ಸಿಗಬೇಕು? ಅದು ಸಿಗೋದು ನನ್ನ ಬೀರುವಿನಲ್ಲಿ, ಪಕ್ಕದ ಜಿಲ್ಲೆಯ ಬೀರುವಿನಲ್ಲಿ, ನುಡಿ ಅಕ್ಷರದ ಪಿಡಿಎಫ್‌ಗಳಲ್ಲಿ. ಕನ್ನಡ ಶಾಲೆಯ ಬಗ್ಗೆ ಕನ್ನಡ ಮೇಷ್ಟ್ರು ಬರೆದದ್ದು ಇನ್ನೊಬ್ಬ ಕನ್ನಡ ಮೇಷ್ಟ್ರ ಕೈಗೆ ತಲುಪದಿರಲು ಕಾರಣ ದುಡ್ಡಲ್ಲ. ಇಲ್ಲಿ ಯಾವ ಪ್ರಕಾಶಕನೂ ಗೇಟು ಹಾಕಿಲ್ಲ. ಬಾಗಿಲು ತೆರೆದೇ ಇದೆ, ದೀಪ ಹಚ್ಚಿಲ್ಲ.

ಮೌಲ್ಯಮಾಪನ ಸಮಿತಿ ಬರುವಾಗ ನನ್ನನ್ನು ಕೇಳುವುದೂ ಇದಲ್ಲ. ದಿನಕ್ಕೆ ಎಷ್ಟು ಜನ ಬಂದರು, ಎಷ್ಟು ಸಲ ಲಾಗಿನ್ ಆಯಿತು. ಒಂದು ಸಲ, ಎಲ್ಲಿ ಅಂತ ಹೇಳಲ್ಲ, ಹಿಂದಿನ ವರ್ಷದ ಭೇಟಿ ಪುಸ್ತಕಕ್ಕೆ ಬೇರೆ ಬೇರೆ ಬಣ್ಣದ ಪೆನ್ನಿನಲ್ಲಿ ಸಹಿ ಹಾಕಿಸಲು ಇಡೀ ತರಗತಿಯನ್ನು ಕೂರಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಹುಡುಗರು ಗ್ರಂಥಾಲಯದಲ್ಲಿ ಅಷ್ಟು ಹೊತ್ತು ಕೂತದ್ದು ಅವತ್ತೊಂದೇ ದಿನ.

ಓದುಗನ ಸಮಯ ಉಳಿಸು. ಇದು ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರ ನಾಲ್ಕನೇ ಸೂತ್ರ, 1931ರದ್ದು. ಅವರ ಕೊನೆಯ ವರ್ಷಗಳು ಕಳೆದದ್ದು ನಮ್ಮ ಬೆಂಗಳೂರಿನಲ್ಲೇ. 1962ರಲ್ಲಿ ಅವರು ಕಟ್ಟಿದ ದಾಖಲೀಕರಣ ತರಬೇತಿ ಕೇಂದ್ರ ಈಗಲೂ ಅಲ್ಲಿದೆ. ಲೈಬ್ರರಿ ಸೈನ್ಸ್ ಓದುವಾಗ ಐದೂ ಸೂತ್ರಗಳನ್ನು ಮಗ್ಗಿಯ ಹಾಗೆ ಉರು ಹೊಡೆದು ಅಂಕ ತಗೊಂಡಿದ್ದೆ. ನಾಲ್ಕನೆಯದು ಅರ್ಥವಾದದ್ದು ಈ ಮಾರ್ಚಿನಲ್ಲಿ. ನಾಲ್ಕು ಪ್ರಬಂಧ ನನ್ನ ಬೆನ್ನ ಹಿಂದೆಯೇ ಇದ್ದವು. ಕೋಹಾ ಅನ್ನುವ ಗ್ರಂಥಾಲಯ ತಂತ್ರಾಂಶದಲ್ಲಿರುವ ನಮ್ಮ ಸೂಚಿಯಲ್ಲಿ ನಾನು ಅವುಗಳ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ, ಒಂದೊಂದಕ್ಕೆ ಒಂದೊಂದು ಕಾಗುಣಿತದಲ್ಲಿ ತುಂಬಿದ್ದೆ. ಬೇಗ ಮುಗಿಯಲಿ ಅಂತ. ಹುಡುಗಿ ನಮ್ಮಲ್ಲೇ ಹುಡುಕಿದ್ದರೂ ಸೊನ್ನೆಯೇ ಬರುತ್ತಿತ್ತು. ಡಿಟಿಪಿ ಅಂಗಡಿಯವರನ್ನು ಬೈದು ಪ್ರಯೋಜನವೇನು?

ಏಪ್ರಿಲಿನಿಂದ ಶನಿವಾರದ ಮಧ್ಯಾಹ್ನಗಳನ್ನು ಇದಕ್ಕೇ ಇಟ್ಟಿದ್ದೇನೆ. ಒಂದೊಂದು ಪ್ರಬಂಧದ ಹೆಸರು, ಬರೆದವರು, ಸಾರಾಂಶ, ವಿಷಯ ಪದಗಳು, ಅಷ್ಟನ್ನು ಯೂನಿಕೋಡ್ ಕನ್ನಡದಲ್ಲಿ ಸೂಚಿಗೆ ಸೇರಿಸುವುದು. ಪೂರ್ತಿ ಪ್ರಬಂಧಕ್ಕೆ ಕೈ ಹಾಕಿದರೆ ನಾನು ನಿವೃತ್ತಳಾಗುವವರೆಗೂ ಮುಗಿಯದು. ವಿಷಯ ಪದ ಆರಿಸುವುದರಲ್ಲೇ ಜಗಳ: "ಬಹುವರ್ಗ ಬೋಧನೆ" ಅಂತ ಹಾಕೋದೋ, "ಬಹುತರಗತಿ" ಅಂತ ಹಾಕೋದೋ? ಎರಡನ್ನೂ ಹಾಕುತ್ತೇನೆ. ಜನ ಹೇಗೆ ಹುಡುಕುತ್ತಾರೋ ಹಾಗೆ. "ನಲಿಕಲಿ"ಯನ್ನು ಮೂರು ರೀತಿ ಬರೆದಿದ್ದೇನೆ. ಈವರೆಗೆ ಅರವತ್ತೆರಡು ಆಗಿವೆ, ಬೀರುವಿನಲ್ಲಿ ಇನ್ನೂ ಮುನ್ನೂರರ ಹತ್ತಿರ ಇವೆ. ಪರಿವರ್ತಿಸಿದ್ದನ್ನು ಸಾಲು ಸಾಲಾಗಿ ಓದಲೇಬೇಕು, ಅರ್ಕಾವೊತ್ತು ಆಗಾಗ ಪಕ್ಕದ ಮನೆಗೆ ಹೋಗಿ ಕೂತಿರುತ್ತದೆ.

ಹುಡುಗಿಯ ಎರಡನೇ ಅಧ್ಯಾಯ ಹತ್ತೊಂಬತ್ತು ಪುಟವಾಯಿತು. ನಮ್ಮ ಬೀರುವಿನ ನಾಲ್ಕು, ಶೋಧಗಂಗಾದ ಆರು. ಅದರಲ್ಲಿ ಒಂದು ಲಘು ಪ್ರಬಂಧಕ್ಕೆ ಅವರ ತಾಲ್ಲೂಕಿನ ಶಾಲೆಗಳಲ್ಲೇ ಮಾಹಿತಿ ಸಂಗ್ರಹಿಸಿದ್ದರು, ಪಟ್ಟಿಯಲ್ಲಿ ಅವಳು ಓದಿದ ಶಾಲೆಯೂ ಇತ್ತು. "ನಾನೂ ಈ ನೂರ ಇಪ್ಪತ್ತು ಮಕ್ಕಳಲ್ಲಿ ಒಬ್ಬಳಿರಬಹುದಾ ಮೇಡಂ?" ಅಂತ ಕೋಷ್ಟಕದ ಮೇಲೆ ಬೆರಳಿಟ್ಟು ತುಂಬಾ ಹೊತ್ತು ಕೂತಿದ್ದಳು.

ಮೊನ್ನೆ ಪ್ರಬಂಧ ಒಪ್ಪಿಸಿದಳು. ರೆಕ್ಸಿನ್ ಈ ಸಲ ನೀಲಿ. ಸಿ.ಡಿ. ಕಾಲ ಹೋಯಿತು, ಪೆನ್‌ಡ್ರೈವ್ ತಂದಿದ್ದಳು. ಕಡತ ತೆರೆದು ಹುಡುಕುವ ಚೌಕದಲ್ಲಿ "ನಲಿಕಲಿ" ಹಾಕಿದೆ.

ಯಾವುದೂ ಸಿಗಲಿಲ್ಲ.

ಅವಳ ಮುಖ ನೋಡಿದೆ. "ಎಲ್ಲಿ ಟೈಪ್ ಮಾಡಿಸ್ದೆ?"

"ಗೇಟ್ ಎದುರಿನ ಅಂಗಡೀಲಿ ಮೇಡಂ. ಯೂನಿಕೋಡ್ ಅಂತ ಹೇಳ್ದೆ. ಅದರಲ್ಲಿ ಒತ್ತಕ್ಷರ ಚೆನ್ನಾಗಿ ಬರಲ್ಲ ಅಂದ್ರು."

"ಶನಿವಾರ ಬಾ" ಅಂದೆ. "ಎನ್‌ಸಿಟಿಇ ಅಂತ ಇಂಗ್ಲಿಷಲ್ಲಿ ಎಷ್ಟು ಕಡೆ ಬರ್ದಿದೀಯ?"

ಅವಳು ಬೆರಳು ಮಡಚಿ ಎಣಿಸತೊಡಗಿದಳು.