ಪಿಂಚುವ್‌ನಲ್ಲಿ 'ಕೋಟೆ ಕಾಣುವ ರೂಮಿಗೆ' ಜಾಸ್ತಿ ಕೊಡಬೇಡಿ

ದಕ್ಷಿಣ ಪೋಲೆಂಡಿನ ಪಿಂಚುವ್‌ಗೆ ಹೋಗುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಅಲ್ಲಿ ಕೋಟೆ ಇಲ್ಲ. ನಾವು ಉಳಿದ ಕಡೆ 'ಕೋಟೆ ಕಾಣುವ ರೂಮು' ಅಂತ ಜಾಸ್ತಿ ದುಡ್ಡು ಕಿತ್ತರು. ಪರದೆ ಸರಿಸಿದರೆ ಎದುರಿಗೆ ಹುಲ್ಲು ಬೆಳೆದ ಗುಡ್ಡ! ಕೇಳಿದ್ದಕ್ಕೆ, ಕೋಟೆ ಅದರ ಮೇಲಿತ್ತು ಎಂದರು. ಇತ್ತು, ನಿಜ. 18ನೇ ಶತಮಾನದ ಕೊನೆಯಲ್ಲೇ ಕೆಡವಿದ್ದಾರೆ.

ಅದನ್ನು ಕಟ್ಟಿಸಿದವನು ಜ್ಬಿಗ್ನೆವ್ ಒಲೆಶ್ನಿಟ್ಸ್ಕಿ. 1410ರ ಗ್ರುನ್ವಾಲ್ಡ್ ಯುದ್ಧದಲ್ಲಿ ಶತ್ರು ನೈಟ್ (ಕುದುರೆ ಸವಾರ ಯೋಧ) ಒಬ್ಬ ಪೋಲೆಂಡಿನ ರಾಜ ಯಾಗಿಯೆಲ್ಲೊ ಮೇಲೆ ನುಗ್ಗಿದಾಗ, ಮುರಿದ ಈಟಿಯಲ್ಲೇ ಅವನನ್ನು ಕುದುರೆಯಿಂದ ಕೆಡವಿದ ಹುಡುಗ. 1423ರಲ್ಲಿ ಅದೇ ಹುಡುಗ ಕ್ರಾಕೋವ್‌ನ ಬಿಷಪ್, ಆಮೇಲೆ ಕಾರ್ಡಿನಲ್. ಸೋದರನ ಮಗನ ಹೆಸರೂ ಜ್ಬಿಗ್ನೆವ್ವೇ, ಅವನು ಗ್ನ್ಯೆಜ್ನೊ ನಗರದ ಆರ್ಚ್‌ಬಿಷಪ್. ಬೋರ್ಡು ಓದುವಾಗ ಇಸವಿ ನೋಡಿ: 1455ರಲ್ಲಿ ತೀರಿಕೊಂಡವನು ಕಾರ್ಡಿನಲ್, 1493ರವನು ಆರ್ಚ್‌ಬಿಷಪ್.

ಇಲ್ಲಿಗೆ ಮಾಮೂಲಿ ಪ್ಯಾಸೆಂಜರ್ ರೈಲಿಲ್ಲ. ಕ್ರಾಕೋವ್‌ನಿಂದ ಮಿನಿಬಸ್ಸೇ ಗತಿ. ನಮಗೆ ಸಿಕ್ಕಿದ್ದರಲ್ಲಿ ಸೂಟ್‌ಕೇಸ್ ಇಡಲು ಜಾಗವಿಲ್ಲ, ತೊಡೆ ಮೇಲೇ ಇಟ್ಟುಕೊಂಡು ಬಂದೆವು. ಕಿಟಕಿ ತೆಗೆಯೋಣವೆಂದರೆ ಹಿಂದಿನ ಸೀಟಿನ ಅಜ್ಜಿ ಗದರಿಸಿದರು. ವೇಳಾಪಟ್ಟಿಯಲ್ಲಿ ಸಮಯದ ಪಕ್ಕದ ಪುಟ್ಟ ಅಕ್ಷರ ತಪ್ಪದೆ ನೋಡಿ. 'ಡಿ' ಇದ್ದರೆ ಸೋಮವಾರದಿಂದ ಶುಕ್ರವಾರ ಮಾತ್ರ, 'ಎಸ್' ಇದ್ದರೆ ಶಾಲೆ ನಡೆಯುವ ದಿನ ಮಾತ್ರ. ಭಾನುವಾರ ಸುಮ್ನೆ ಸ್ಟಾಪಿನಲ್ಲಿ ನಿಂತರೆ ನಿಂತೇ ಇರಬೇಕು.

ಇಷ್ಟೆಲ್ಲ ಬೈದರೂ ಊಟದ ವಿಷಯದಲ್ಲಿ ಬೈಯಲಾರೆ. ಚೌಕದಿಂದ ಸ್ವಲ್ಪ ಒಳಗೆ, ಬೋರ್ಡೂ ಸರಿಯಿಲ್ಲದ ಸಣ್ಣ ಹೋಟೆಲು. ನಾಲ್ಕೇ ಮೇಜು. ಅಡುಗೆಯಾಕೆಯೇ ತಟ್ಟೆ ತಂದಿಡುತ್ತಾರೆ. ಪಿಯೆರೋಗಿ ರುಸ್ಕಿಯೆ ಕೇಳಿ. ನಮ್ಮ ಕಡುಬಿನ ಹಾಗೆ, ಒಳಗೆ ಆಲೂಗಡ್ಡೆ, ಮೊಸರುಗಿಣ್ಣು. ಬಿಸಿ ಬಿಸಿ, ಅಂಚು ತೆಳ್ಳಗೆ, ಮೇಲೆ ಬೆಣ್ಣೆಯಲ್ಲಿ ಕೆಂಪಗೆ ಹುರಿದ ಈರುಳ್ಳಿ. ಎರಡನೇ ತಟ್ಟೆಯನ್ನೂ ಖಾಲಿ ಮಾಡಿದೆವು. ಸಸ್ಯಾಹಾರಿಗಳು 'ಬೆಜ್ ಸ್ಕ್ವಾರೆಕ್' ಅನ್ನಲೇಬೇಕು, ಇಲ್ಲದಿದ್ದರೆ ಹಂದಿಕೊಬ್ಬಿನ ಚೂರು ಉದುರಿಸಿಬಿಡುತ್ತಾರೆ. ಜೊತೆಗೆ ಹಣ್ಣು ಬೇಯಿಸಿದ ಕೊಂಪೊಟ್. ರೂಮಿನವನು ಕಿತ್ತ ಹೆಚ್ಚುವರಿ ದುಡ್ಡಿಗೆ ನಾವೆಲ್ಲ ಇಲ್ಲಿ ಎರಡು ಹೊತ್ತು ಉಣ್ಣಬಹುದಿತ್ತು.

ಕಾರ್ಡಿನಲ್ 1449ರಲ್ಲಿ ಪೌಲಿನ್ ಪಂಥದ ಕ್ರೈಸ್ತ ಸನ್ಯಾಸಿಗಳಿಗಾಗಿ ಸ್ಥಾಪಿಸಿದ ಮಠದ ಚರ್ಚು ಊರೊಳಗೇ ಇದೆ. ಸಂಜೆ ಸಂತ ಅನ್ನಾ ಚಾಪೆಲ್ ಇರುವ ಗುಡ್ಡ ಹತ್ತಿ. ಇಷ್ಟಕ್ಕೆ ಅರ್ಧ ದಿನ ಸಾಕು. ಕಾರ್ಡಿನಲ್‌ನ ಸಮಾಧಿ ಇರುವುದು ಕ್ರಾಕೋವ್‌ನ ವಾವೆಲ್ ಕ್ಯಾಥೆಡ್ರಲ್‌ನಲ್ಲಿ. ಅಲ್ಲಿಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ, ಆಮೇಲೆ ನೂಕುನುಗ್ಗಲು. ಗ್ರುನ್ವಾಲ್ಡ್ ಬಯಲು ದೂರದ ಉತ್ತರದಲ್ಲಿದೆ. ಜುಲೈ ಮಧ್ಯದಲ್ಲಿ ಅಲ್ಲಿ ಯುದ್ಧದ ಮರುಪ್ರದರ್ಶನ, ಭಾರಿ ಜಾತ್ರೆ. ಜನಜಂಗುಳಿ ನನಗೆ ಆಗುವುದಿಲ್ಲ, ಹಾಗಾಗಿ ಬೇರೆ ತಿಂಗಳು ಹೋಗಿ ಅಂತಲೇ ಹೇಳುತ್ತೇನೆ.