ಹಾಪರ್‌ನಲ್ಲಿ ಬಿಗಿ, ಬ್ಯಾರೆಲ್‌ನಲ್ಲಿ ಸಡಿಲ

ಕತ್ತರಿಸಿದ ಕಾರ್ಬನ್ ನಾರಿನ ಮೇಲಿನ ಲೇಪಕ್ಕೆ ನಮ್ಮ ಕಾರ್ಖಾನೆಯಲ್ಲಿ ಸೈಜಿಂಗ್ ಎನ್ನುತ್ತೇವೆ. ಹೊಸದಾಗಿ ಸೇರುವ ಎಂಜಿನಿಯರ್‌ಗಳು ಇದರ ಬಗ್ಗೆ ಮೊದಲು ಕೇಳುವುದು, ನಾರಿಗೂ ಪ್ಲಾಸ್ಟಿಕ್‌ಗೂ ಬೆಸುಗೆ ಎಷ್ಟು ಗಟ್ಟಿ ಎಂದು. ನಾರನ್ನು ಕರಗಿದ ಪ್ಲಾಸ್ಟಿಕ್‌ಗೆ ಬೆರೆಸುವ ಕಾಂಪೌಂಡಿಂಗ್ ಯಂತ್ರದ ಪಕ್ಕ ದಿನಗಟ್ಟಲೆ ನಿಂತವರ ಮೊದಲ ಪ್ರಶ್ನೆ ಬೇರೆ: ನಾರು ಯಂತ್ರದೊಳಗೆ ಇಳಿಯುತ್ತದೆಯೇ?

ಒಂದು ಎಳೆಯ ದಪ್ಪ ಸುಮಾರು 7 ಮೈಕ್ರಾನ್. ಇಂಥ ಸಾವಿರಾರು ಎಳೆಗಳನ್ನು ಲೇಪವೇ ಕಟ್ಟುಕಟ್ಟಾಗಿ ಹಿಡಿದಿಟ್ಟಿರುತ್ತದೆ. ನಮಗೆ ಬರುವುದು ಸಾಮಾನ್ಯವಾಗಿ 6 ಮಿಲಿಮೀಟರ್ ಉದ್ದದ ತುಂಡುಗಳು. ಲೇಪ ಕಡಿಮೆಯಾದರೆ ಕಟ್ಟು ಬಿಚ್ಚಿ ನಾರು ಹಿಂಜಿದ ಅರಳೆಯಂತೆ ಉಬ್ಬುತ್ತದೆ, ನಾರು ಸುರಿಯುವ ಬಾಯಿಯಾದ ಹಾಪರ್‌ನ ಕತ್ತಿನಲ್ಲಿ ಕಮಾನು ಕಟ್ಟಿಕೊಂಡು ಕೂರುತ್ತದೆ. ಕೆಳಗೆ ಫೀಡರ್ ಖಾಲಿ ತಿರುಗುತ್ತಿರುತ್ತದೆ. ಹಾರುವ ಧೂಳು ವಿದ್ಯುತ್ ವಾಹಕವಾದ್ದರಿಂದ ಕಂಟ್ರೋಲ್ ಪ್ಯಾನೆಲ್‌ಗೆ ನುಗ್ಗಿದರೆ ಶಾರ್ಟ್ ಸರ್ಕ್ಯೂಟ್ ಭಯ ಬೇರೆ. ಲೇಪ ಹೆಚ್ಚಾದರೆ ಕಟ್ಟುಗಳು ಸಲೀಸಾಗಿ ಇಳಿಯುತ್ತವೆ. ಆದರೆ ಸ್ಕ್ರೂಗಳ ನಡುವೆ ಸಿಕ್ಕಿಯೂ ಬಿಚ್ಚಿಕೊಳ್ಳದೆ ಹಾಗೇ ಹೊರಬರುತ್ತವೆ. ಅಂಥ ತುಂಡನ್ನು ಮುರಿದು ನೋಡಿದರೆ ಒಳಗೆ ಒಣ ಗೊಂಚಲುಗಳು ಕಾಣುತ್ತವೆ. ಕರಗಿದ ಪ್ಲಾಸ್ಟಿಕ್ ಅಲ್ಲಿಗೆ ಇಳಿದೇ ಇರುವುದಿಲ್ಲ, ಬಿರುಕು ಹುಟ್ಟುವುದೂ ಅಲ್ಲಿಯೇ.

ಹಾಪರ್‌ನಲ್ಲಿ ಬಿಗಿಯಾಗಿದ್ದು, ಸ್ಕ್ರೂಗಳು ತಿರುಗುವ ಬಿಸಿ ಕೊಳವೆಯಾದ ಬ್ಯಾರೆಲ್‌ನ ಕಾವಿಗೆ ಸಡಿಲಾಗುವ ಲೇಪ ನಮಗೆ ಬೇಕು. ಥರ್ಮೋಪ್ಲಾಸ್ಟಿಕ್, ಅಂದರೆ ಕಾವಿಗೆ ಮೆತ್ತಗಾಗುವ ಪ್ಲಾಸ್ಟಿಕ್‌ನ ಲೇಪದ ಗುಣವೇ ಅದು.

ಪೀಕ್ ಎಂಬ ಪ್ಲಾಸ್ಟಿಕ್‌ನ ವಿಷಯದಲ್ಲಿ ಇದು ಎಷ್ಟು ಮುಖ್ಯ ಎನ್ನುವುದಕ್ಕೆ ನಮಗೆ ಬಂದ ನಾರಿನ ಒಂದು ಕಂತಿನ ಕಥೆ ಹೇಳುತ್ತೇನೆ. ಅದರ ಜೊತೆ ಬಂದ ಪ್ರಮಾಣಪತ್ರದಲ್ಲಿ ಎಲ್ಲವೂ ಸರಿಯಿತ್ತು: ಉದ್ದ, ತೇವಾಂಶ, ಲೇಪದ ಶೇಕಡಾವಾರು. ಅಚ್ಚು ಹೊಡೆದ ಪಟ್ಟಿಗಳು ಮಾತ್ರ ಎಳೆತದ ಪರೀಕ್ಷೆಯಲ್ಲಿ ಸೋತವು. ಮುರಿದ ಮುಖವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಎಳೆಗಳು ಬೋಳಾಗಿ ನಿಂತಿದ್ದವು, ಮೈಮೇಲೆ ಪ್ಲಾಸ್ಟಿಕ್‌ನ ಚೂರೂ ಇಲ್ಲ. ಪಕ್ಕದಲ್ಲಿ ಬೇರೆ ಎಳೆಗಳು ಕಿತ್ತುಬಂದ ದುಂಡನೆಯ ಗುಳಿಗಳು. ಅದೇ ನಾರನ್ನು ನೈಟ್ರೋಜನ್‌ನಲ್ಲಿ ಕಾಯಿಸಿ ತೂಕ ನೋಡಿದೆವು. 300 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಮೊದಲೇ ಲೇಪ ವಿಘಟನೆಯಾಗಿ ಹೊಗೆಯಾಗತೊಡಗಿತ್ತು. ಪೀಕ್ ಕರಗುವುದೇ 343 ಡಿಗ್ರಿಗೆ, ಬ್ಯಾರೆಲ್‌ನ ಕಾವು 380ರ ಮೇಲೆ. ಲೇಪ ಸಾಮಾನ್ಯ ಎಪಾಕ್ಸಿ. ಪತ್ರದಲ್ಲಿ ಎಷ್ಟು ಎಂದಿತ್ತು, ಯಾವುದು ಎಂದಿರಲಿಲ್ಲ. ಕೇಳಿದರೆ ವ್ಯಾಪಾರದ ಗುಟ್ಟು ಎಂಬ ಉತ್ತರ. ಗುಟ್ಟು ಅವರದು, ಹೊಗೆ ಕುಡಿಯುವವರು ನಾವು!

ಹಾಗಾದರೆ ಪೀಕ್‌ನದೇ ಲೇಪ ಹಚ್ಚಬಾರದೇ? ಕೋಣೆಯ ತಾಪದಲ್ಲಿ ಅದನ್ನು ಕರಗಿಸಲು ಸಾಂದ್ರ ಗಂಧಕಾಮ್ಲದಂಥದ್ದೇ ಬೇಕು. ಸಾಮಾನ್ಯ ದ್ರಾವಕಗಳಿಗೆ ಅದು ಜಗ್ಗುವುದಿಲ್ಲ. ಆದ್ದರಿಂದ ಪಾಲಿಈಥರಿಮೈಡ್ ಎಂಬ ಇನ್ನೊಂದು ಪ್ಲಾಸ್ಟಿಕ್‌ನ ಮೊರೆ ಹೋಗುತ್ತಾರೆ. ಅದು 217 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ, ಬ್ಯಾರೆಲ್‌ನ ಕಾವನ್ನು ತಾಳುತ್ತದೆ, ಕರಗಿದ ಪೀಕ್‌ನೊಂದಿಗೆ ಬೆರೆತೂ ಹೋಗುತ್ತದೆ. ತೊಡಕು ದ್ರಾವಕದ್ದು. ಎನ್‌ಎಂಪಿ ಎಂಬ ದ್ರಾವಕದಲ್ಲಿ ಕರಗಿಸಿ ಹಚ್ಚಿದರೆ, 202 ಡಿಗ್ರಿಗೆ ಕುದಿಯುವ ಆ ದ್ರವವನ್ನು ಪೂರ್ತಿ ಓಡಿಸುವುದು ಸುಲಭವಲ್ಲ. ಗರ್ಭದಲ್ಲಿನ ಮಗುವಿಗೂ ಅದು ಅಪಾಯ. ಹಾಗಾಗಿ ನೀರಿನಲ್ಲಿ ಕದಡಿ ಹಚ್ಚುವ ದಾರಿಯೇ ನನಗೆ ಮೆಚ್ಚು.

ಬೆಸುಗೆಯ ಲೆಕ್ಕ ಆಮೇಲೆ ಬರುತ್ತದೆ, ಬಂದಾಗ ಜೋರಾಗಿಯೇ ಬರುತ್ತದೆ. ಕೆಲ್ಲಿ ಮತ್ತು ಟೈಸನ್ 1965ರಲ್ಲಿ ಕೊಟ್ಟ ಸೂತ್ರದಂತೆ, 4,900 ಮೆಗಾಪಾಸ್ಕಲ್ ಬಲದ ನಾರಿಗೆ ಬೆಸುಗೆಯ ಬಲ 40 ಮೆಗಾಪಾಸ್ಕಲ್ ಇದ್ದರೆ, ನಾರು ತನ್ನ ಪೂರ್ಣ ಶಕ್ತಿ ಕೊಡಲು ಕನಿಷ್ಠ 430 ಮೈಕ್ರಾನ್ ಉದ್ದವಿರಬೇಕು. ಬೆಸುಗೆ 80ಕ್ಕೆ ಏರಿದರೆ 215 ಸಾಕು. ಸ್ಕ್ರೂ, ನಾಜಲ್, ಅಚ್ಚು ದಾಟುವಷ್ಟರಲ್ಲಿ 6 ಮಿಲಿಮೀಟರಿನ ನಾರು ಹೆಚ್ಚಾಗಿ ಇನ್ನೂರು ಮೈಕ್ರಾನ್ ಆಸುಪಾಸಿಗೆ ತುಂಡಾಗಿರುತ್ತದೆ. ಆದರೂ ಖರೀದಿ ವಿಭಾಗದವರು ಉದ್ದದ ನಾರಿಗೆ ಹೆಚ್ಚು ಹಣ ಕೊಡಲು ಸಿದ್ಧ, ಲೇಪಕ್ಕೆ ಕೊಡಲು ಚೌಕಾಶಿ!

ಈಗ ಪ್ರತಿ ಹೊಸ ಕಂತಿನಿಂದ ಒಂದು ಚಿಟಿಕೆ ತೆಗೆದು, ಬ್ಯಾರೆಲ್‌ನ ತಾಪದಲ್ಲೇ ಇಟ್ಟು ತೂಕ ಎಷ್ಟು ಇಳಿಯುತ್ತದೆ ಎಂದು ನೋಡಿದ ಮೇಲೆಯೇ ಸಹಿ ಹಾಕುತ್ತೇನೆ. 260 ಡಿಗ್ರಿಗೆ ಕರಗುವ ನೈಲಾನ್ 66ಕ್ಕಾದರೆ ಪಾಲಿಯುರೆಥೇನ್ ಲೇಪದ ಅಗ್ಗದ ನಾರು ಇರಲಿ ಎಂದರೆ ಒಪ್ಪುತ್ತೇನೆ. ಪೀಕ್‌ಗೆ ಅದೇ ಸಾಕು ಎನ್ನುವವರ ಜೊತೆ ಜಗಳ ಇನ್ನೂ ನಡೆದೇ ಇದೆ.