ಯಾವ ಚಾಕು ತಗೊಳ್ಳಲಿ?

ನಮ್ಮನೆ ಹಾಲ್‌ನಲ್ಲಿ ಕಾಗದ, ರಟ್ಟಿನಲ್ಲೇ ಮಾಡಿದ ತೊಟ್ಟಿಮನೆಯ ಮಾಡೆಲ್ ಒಂದಿದೆ, 1:50 ಅಳತೆಯದು. ಅದನ್ನು ನೋಡಿದವರೆಲ್ಲ ಕೊನೆಗೆ ಕೇಳುವುದು ಇದನ್ನೇ: "ನಾನೂ ಶುರು ಮಾಡ್ಬೇಕು, ಯಾವ ಚಾಕು ತಗೊಳ್ಳಲಿ?"

ಸರ್ಜಿಕಲ್ ಸಾಮಾನು ಮಾರುವ ಅಂಗಡಿಗೆ ಹೋಗಿ, 3ನೇ ನಂಬರಿನ ಬಿಪಿ (ಬಾರ್ಡ್-ಪಾರ್ಕರ್) ಹ್ಯಾಂಡಲ್, ಅಂದರೆ ಸರ್ಜನ್ನರ ಚಾಕುವಿನ ಹಿಡಿ, ಮತ್ತು 11ನೇ ನಂಬರಿನ ಬ್ಲೇಡ್ ಕೇಳಿ. ಹ್ಯಾಂಡಲ್ ಒಂದು ಸಾಕು, ಬ್ಲೇಡ್ ಮಾತ್ರ ಡಬ್ಬಿಗಟ್ಟಲೆ ಇರಲಿ. 4ನೇ ನಂಬರಿನ ಹ್ಯಾಂಡಲ್ ಕೊಟ್ಟರೆ ವಾಪಸ್ ಮಾಡಿ. ಅದಕ್ಕೆ 20, 22ರಂಥ ದೊಡ್ಡ ಬ್ಲೇಡುಗಳೇ ಕೂರುವುದು.

ಡಬ್ಬಿಗಟ್ಟಲೆ ಯಾಕೆ ಅಂದರೆ, ಕಿಟಕಿಗಳಿಂದಾಗಿ. 10 ಸೆಂ.ಮೀ. ಅಗಲದ ಚೌಕಟ್ಟು ಈ ಅಳತೆಯಲ್ಲಿ ಬರೀ 2 ಮಿ.ಮೀ. ಎರಡೂವರೆ ಸೆಂ.ಮೀ. ದಪ್ಪದ ಮರದ ಸರಳು ಅರ್ಧ ಮಿ.ಮೀ. ಬ್ಲೇಡಿನ ತುದಿ ಒಂಚೂರು ಮೊಂಡಾದರೂ ಅದು ಕಾಗದವನ್ನು ಕೊಯ್ಯುವುದಿಲ್ಲ, ಎಳೆಯುತ್ತದೆ. ಮೂಲೆಯಲ್ಲಿ ಹತ್ತಿಯಂಥ ನವಿರು ಜುಂಗು ಏಳುತ್ತದೆ, ಸರಳು ಕಿತ್ತು ಬರುತ್ತದೆ. ಜುಂಗು ಕಂಡ ತಕ್ಷಣ ನಾನು ಬ್ಲೇಡ್ ಬದಲಿಸುತ್ತೇನೆ. ಈ ಒಂದು ಮನೆಗೆ 30ಕ್ಕೂ ಹೆಚ್ಚು ಬ್ಲೇಡ್ ಹೋಗಿವೆ, ಒಂದೂ ದಂಡವಾಯಿತು ಅನ್ನಿಸಿಲ್ಲ.

ಕಿಟಕಿ ಕೊಯ್ಯುವಾಗ ತುದಿಯನ್ನು ಮೂಲೆಯಲ್ಲಿ ನೆಟ್ಟು ನಡುವಿನವರೆಗೆ ಎಳೆಯಿರಿ. ಆಮೇಲೆ ಕಾಗದ ತಿರುಗಿಸಿ, ಎದುರು ಮೂಲೆಯಿಂದ ಬನ್ನಿ. ಹೀಗೆ ಮಾಡಿದರೆ ಗೆರೆ ಮೂಲೆ ದಾಟಿ ಹೋಗುವುದಿಲ್ಲ. ಒಳಗಿನ ಕಿಟಕಿಗಳೆಲ್ಲ ಮುಗಿದ ಮೇಲೆಯೇ ಗೋಡೆಯ ಹೊರ ಅಂಚಿಗೆ ಕೈ ಹಾಕಿ. ಹಾಳೆ ದೊಡ್ಡದಿದ್ದಷ್ಟೂ ಹಿಡಿಯಲು ಸಲೀಸು.

1 ಮಿ.ಮೀ. ರಟ್ಟಿಗೆ ಈ ತೆಳು ಬ್ಲೇಡ್ ಬೇಡ, ಬಾಗಿ ಗೆರೆ ಓರೆಯಾಗುತ್ತದೆ. ಅದಕ್ಕೆ ತುದಿ ಮುರಿದು ಹೊಸದು ಮಾಡಿಕೊಳ್ಳುವ 18 ಮಿ.ಮೀ. ಕಟರ್ ಇರಲಿ. ಇಂಥ ಕಟರ್ ಹುಟ್ಟಿದ್ದು 1956ರಲ್ಲಿ ಜಪಾನಿನಲ್ಲಿ. ಅದನ್ನು ಮಾಡುವ ಓಲ್ಫಾ ಕಂಪನಿಯ ಹೆಸರಿಗೇ 'ಮುರಿಯುವ ಅಲಗು' ಅನ್ನುವ ಜಪಾನಿ ಮಾತು ಮೂಲ. ಒಂದೇ ಏಟಿಗೆ ಒತ್ತಬೇಡಿ, ನಾಲ್ಕೈದು ಸಲ ಹಗುರಾಗಿ ಎಳೆಯಿರಿ.

ಸ್ಟೀಲ್ ಸ್ಕೇಲೇ ಬೇಕು, ಪ್ಲಾಸ್ಟಿಕ್ಕಿನದನ್ನು ಬ್ಲೇಡ್ ಕೆತ್ತಿಹಾಕುತ್ತದೆ. ಕೆಳಗೆ ಕಟಿಂಗ್ ಮ್ಯಾಟ್ ಹಾಸಿ. ಮಡಿಕೆಯ ಗೆರೆಗೆ ಇಂಕು ಮುಗಿದ ಬಾಲ್‌ಪೆನ್ ಸಾಕು. ಕತ್ತರಿ ತೆಳು ಕಾಗದದ ಬಳುಕು ಅಂಚುಗಳಿಗೆ, ಕತ್ತರಿ ಹಿಡಿದ ಕೈ ನಿಂತಲ್ಲೇ ಇರಲಿ, ಕಾಗದ ತಿರುಗಲಿ.

ಬ್ಲೇಡನ್ನು ಬೆರಳಲ್ಲಿ ಕೀಳಲು ಹೋಗಿ ನಾನೊಮ್ಮೆ ಹೆಬ್ಬೆರಳು ಕೊಯ್ದುಕೊಂಡೆ. ಈಗ ಚೂಪು ಮೂತಿಯ ಇಕ್ಕಳವಿಲ್ಲದೆ ಮುಟ್ಟುವುದಿಲ್ಲ. ಹಳೆಯವು ದಪ್ಪ ಪ್ಲಾಸ್ಟಿಕ್ ಡಬ್ಬಿಯೊಳಗೆ, ಮುಚ್ಚಳದಲ್ಲಿ ಕೊರೆದ ಸೀಳಿನಿಂದ. ಅದು ತುಂಬಿದಾಗ ಸೀಳಿಗೆ ಟೇಪ್ ಸುತ್ತಿ, ಮೇಲೆ 'ಬ್ಲೇಡ್ ಇದೆ' ಅಂತ ದಪ್ಪಕ್ಷರದಲ್ಲಿ ಬರೆದು, ಬೆಳಿಗ್ಗೆ ಕಸದ ಗಾಡಿ ಬಂದಾಗ ಪೌರಕಾರ್ಮಿಕರಿಗೆ ಬಾಯಲ್ಲೂ ಹೇಳಿಯೇ ಬೇರೆಯಾಗಿ ಕೊಡುತ್ತೇನೆ.